ಧರ್ಮದ ಸಲುವಾಗಿ ಊರು ಬಿಟ್ಟವರು ಇಲ್ಲಿ ಯಾರಾದರೂ ಇದ್ದೀರಾ?

ಉಣಕಲ್ ಕೆರೆ ದಂಡೆ:
ಎಲ್ಲರಿಗೂ ಶರಣು ಶರಣಾರ್ಥಿ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳದೆ ಓದಿ.

ನನಗೆ 56 ವರ್ಷ. ಹುಟ್ಟಿ ಬೆಳೆದದ್ದೆಲ್ಲ ಹುಬ್ಬಳ್ಳಿ. ಗೋಕುಲ ರೋಡ್ ಕಡೆ ಸಣ್ಣದೊಂದು ಲೇತ್ ವರ್ಕ್‌ಶಾಪ್ ಇದೆ. ಬೆಳಿಗ್ಗೆ ಲಿಂಗಪೂಜೆ ಆಗದೆ ಚಹಾ ಕೂಡ ಕುಡಿಯುವುದಿಲ್ಲ. ಅಪ್ಪ ಹಾಗೇ ಇದ್ದರು, ನಾನೂ ಹಾಗೇ ಇದ್ದೇನೆ, ಅಷ್ಟೇ.

ಮಗಳು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ. ಅಲ್ಲಿಯ ಹುಡುಗನೊಬ್ಬನನ್ನು ಇಷ್ಟಪಟ್ಟಳು. ಅವನೂ ಲಿಂಗಾಯತನೇ, ಒಳಪಂಗಡ ಬೇರೆ. ನಾನು ಹೂಂ ಅಂದೆ. ಅಲ್ಲಿಂದ ಶುರುವಾಯಿತು ನೋಡಿ. ನಮ್ಮಣ್ಣ ಮಾತು ಬಿಟ್ಟ. ಹೋದ ತಿಂಗಳು ಅವನ ಮೊಮ್ಮಗನ ಜವಳ ಇತ್ತು. ಓಣಿಗೆಲ್ಲ ಊಟಕ್ಕೆ ಹೇಳಿದ್ದ, ನಮಗಿಲ್ಲ. ಅವನ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಹುಗ್ಗಿ ಕುದಿಯುವ ವಾಸನೆ ನಮ್ಮ ಅಡುಗೆಮನೆ ತನಕ ಬರುತ್ತಿತ್ತು. ನನ್ನ ಹೆಂಡತಿ ಆ ದಿನ ಒಲೆ ಹಚ್ಚಲಿಲ್ಲ.

ಒಬ್ಬ ಸ್ವಾಮಿಗಳ ಹತ್ತಿರ ಹೋದೆ. ಅರ್ಧ ಗಂಟೆ ಬಸವಣ್ಣನವರ ಬಗ್ಗೆ ಚೆನ್ನಾಗಿಯೇ ಮಾತಾಡಿದರು. ನಾನು ನಮಸ್ಕಾರ ಮಾಡಿ ಏಳುವಾಗ ಮೆಲ್ಲಗೆ "ಹುಡುಗ ನಮ್ಮ ಪೈಕಿ ಅಲ್ಲವಲ್ಲ" ಅಂದರು. ಯಾವ ಮಠ ಅಂತ ಕೇಳಬೇಡಿ, ಹೇಳಲ್ಲ.

ಮಗ ಟೊರೊಂಟೊ ಹತ್ತಿರ ಇದ್ದಾನೆ. "ಅಪ್ಪ ಅಮ್ಮಂದಿರಿಗೆ ಕೊಡುವ ಸೂಪರ್ ವೀಸಾ ಮಾಡಿಸುತ್ತೇನೆ, ಒಂದು ಸಲಕ್ಕೆ 5 ವರ್ಷ ಇರಬಹುದು, ಬಂದುಬಿಡಿ" ಅಂತಿದ್ದಾನೆ. ಅಲ್ಲಿ ಭಾನುವಾರ ಹನ್ನೆರಡು ಮನೆಯವರು ಸೇರಿ ವಚನ ಹೇಳುತ್ತಾರಂತೆ. ಪಂಗಡ ಯಾರೂ ಕೇಳುವುದಿಲ್ಲವಂತೆ.

ದುಡ್ಡಿಗಾಗಿ ಊರು ಬಿಟ್ಟವರನ್ನು ಬೇಕಾದಷ್ಟು ನೋಡಿದ್ದೇನೆ. ನನ್ನದು ಆ ಲೆಕ್ಕ ಅಲ್ಲ. ನಾನು ನಂಬಿದ್ದು ನನ್ನೂರಿನಲ್ಲೇ ನಡೆಯುವುದಿಲ್ಲ ಅಂದಮೇಲೆ ಇಲ್ಲೇ ಯಾಕೆ ಇರಬೇಕು? ಹೀಗೆ ಯೋಚಿಸುವುದು ತಪ್ಪಾ?

(ನಮ್ಮ ಪಂಗಡ ಯಾವುದು ಅಂತ ಬರೆದಿಲ್ಲ. ಬೇಕಂತಲೇ.)

ಗಿರಮಿಟ್ಟು:
ಜನವರಿಯಲ್ಲಿ ಹೋಗಿ ನೋಡಿ ಕಾಕಾ. ಫೆಬ್ರವರಿಗೆ ವಾಪಸ್ ಉಣಕಲ್ ಕೆರೆ ದಂಡೆ ಮೇಲೆ ಇರ್ತೀರಿ.

ಹಾವೇರಿ ಏಲಕ್ಕಿ:
ಪಂಗಡ ಯಾವುದು ಅಂತ ಹೇಳಿದ್ದರೆ ಸಲಹೆ ಕೊಡೋಕೆ ಅನುಕೂಲ ಆಗ್ತಿತ್ತು ಸರ್.

ಗಿರಮಿಟ್ಟು:
ಪಂಗಡ ಕೇಳೋಕೆ ನಾಲ್ಕೇ ನಿಮಿಷ! ನಾನು ಹತ್ತಾದರೂ ಆಗುತ್ತೆ ಅಂದುಕೊಂಡಿದ್ದೆ.

ಹಾವೇರಿ ಏಲಕ್ಕಿ:
ನಗೋದೇನಿದೆ ಇದರಲ್ಲಿ? ಕೆಲವು ಪಂಗಡಗಳ ನಡುವೆ ಈಗ ಸುಮಾರು ಮದುವೆ ಆಗ್ತಿವೆ, ಕೆಲವುದರಲ್ಲಿ ಇಲ್ಲ. ಇದ್ದದ್ದು ಹೇಳಿದೆ. ನಾನು ಏಲಕ್ಕಿ ಹಾರ ಕಟ್ಟೋನು, ವರ್ಷಕ್ಕೆ ನೂರಾರು ಮದುವೆ ನೋಡ್ತೀನಿ.

ನಾಸ್ತಿಕ ನಾಗ್ಯಾ:
ನಂಬಿಕೆ ಬಿಟ್ಟುಬಿಡಿ. ಅದಕ್ಕೆ ವೀಸಾ ಬೇಡ, ಸ್ವೆಟರ್ ಬೇಡ.

ಉಳವಿ ಚಕ್ಕಡಿ:
ಸರ್, ನೀವು ಹೋಗುವುದರಲ್ಲಿ ಯಾವ ತಪ್ಪೂ ಇಲ್ಲ. ನಮ್ಮ ಶರಣರೇ ಕಲ್ಯಾಣ ಬಿಟ್ಟು ಬಂದವರು. ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಜಾತಿ ಮೀರಿ ಮದುವೆ ಮಾಡಿದ್ದಕ್ಕೆ ತಾನೇ ಅಷ್ಟೆಲ್ಲ ಆಗಿದ್ದು? ನಿಮ್ಮದೂ ಮದುವೆಯ ವಿಷಯವೇ. ಚೆನ್ನಬಸವಣ್ಣನವರು, ಅಕ್ಕನಾಗಮ್ಮನವರು ವಚನದ ಕಟ್ಟು ಹೊತ್ತುಕೊಂಡು ಉಳವಿ ಕಾಡು ಸೇರಿದರು. ಅವರು ಕಲ್ಯಾಣದಲ್ಲೇ ಕೂತಿದ್ದರೆ ಇವತ್ತು ನಮ್ಮ ಕೈಗೆ ವಚನ ಸಿಗ್ತಿತ್ತಾ? ನಾವು ಪ್ರತಿ ವರ್ಷ ಭಾರತ ಹುಣ್ಣಿಮೆಗೆ ಚಕ್ಕಡಿ ಕಟ್ಟಿಕೊಂಡು ಉಳವಿಗೆ ಹೋಗ್ತೀವಿ. ಹಳಿಯಾಳ ದಾಟಿ ಕಾಡು ಶುರುವಾದ ಮೇಲೆ ಪ್ರತಿ ಸಲ ನನಗೆ ಅನ್ನಿಸುತ್ತೆ, ಆಗ ರಸ್ತೆಯೂ ಇರಲಿಲ್ಲ, ಹೇಗೆ ಬಂದರಪ್ಪಾ ಇಷ್ಟು ದೂರ ಅಂತ.

ಗದಗ ಮಾಸ್ತರ್:
ಚಕ್ಕಡಿಯವರೇ, ಒಂದು ತಿದ್ದುಪಡಿ. ಶರಣರ ಬೆನ್ನಿಗೆ ಸೈನ್ಯ ಬಿದ್ದಿತ್ತು, ಜೀವ ಉಳಿಸಿಕೊಳ್ಳಲು ಓಡಿದರು. ಇವರ ಬೆನ್ನಿಗೆ ಬಿದ್ದಿರುವುದು ಅಣ್ಣ ಒಬ್ಬರೇ, ಅವರೂ ಊಟಕ್ಕೆ ಕರೆದಿಲ್ಲ ಅಷ್ಟೇ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ.

ಹೊಡೆತವಿಲ್ಲದೆ, ಸುತ್ತಲಿನ ಜನ ಸರಿಬರಲಿಲ್ಲ ಅಂತ ಎದ್ದು ಹೋದವರ ಕಥೆ ಬೇರೆ. ಇಂಗ್ಲೆಂಡಿನಿಂದ ಅಮೆರಿಕಕ್ಕೆ ಮೇಫ್ಲವರ್ ಹಡಗಿನಲ್ಲಿ ಹೋದವರ ಬಗ್ಗೆ ಶಾಲೆಯಲ್ಲಿ ಓದಿರುತ್ತೀರಿ, 1620. ನಡುವಿನ ಕಥೆಯನ್ನು ಯಾರೂ ಹೇಳುವುದಿಲ್ಲ. ಅವರಲ್ಲಿ ಬಹಳ ಜನ ಮೊದಲು ಹಾಲೆಂಡಿಗೆ ಹೋಗಿ 1609ರಿಂದ ಲೈಡನ್ ಎಂಬ ಊರಲ್ಲಿದ್ದರು. ಅಲ್ಲಿ ಅವರ ಪೂಜೆಗೆ ಯಾರೂ ಅಡ್ಡಿ ಮಾಡಲಿಲ್ಲ. ಆದರೂ ಬಿಟ್ಟರು. ಒಂದು ಕಾರಣ ಏನು ಗೊತ್ತಾ? ಮಕ್ಕಳು ಡಚ್ಚರಂತೆ ಆಗತೊಡಗಿದರು. ಅಪ್ಪಂದಿರಿಗೆ ಸ್ವಾತಂತ್ರ್ಯ ಸಿಕ್ಕಿತು, ಮಕ್ಕಳು ಕೈತಪ್ಪಿದರು.

ಉಳವಿ ಚಕ್ಕಡಿ:
ಮಾಸ್ತರೇ, ಒಬ್ಬ ಅಣ್ಣ ಕರೆಯದಿದ್ದರೆ ಅದು ಸಣ್ಣದು ಅಂತ ನಿಮಗೆ ಅನ್ನಿಸುತ್ತೆ. ಗೋಡೆ ಆಚೆಯಿಂದ ಹುಗ್ಗಿ ವಾಸನೆ ಬಂದವರಿಗೆ ಕೇಳಿ.

ಗದಗ ಮಾಸ್ತರ್:
ಆ ಮಾತು ಒಪ್ಪಿದೆ.

ಬೆಟಗೇರಿ ಅಕ್ಕ:
ಎಲ್ಲ ಗಂಡಸರೂ ಇತಿಹಾಸ ಹೇಳ್ತಿದ್ದೀರಿ. ನಾನೊಂದು ಸಣ್ಣ ಪ್ರಶ್ನೆ ಕೇಳ್ತೀನಿ. ಅಣ್ಣಾ, ನಿಮ್ಮ ಬರಹದಲ್ಲಿ ಸ್ವಾಮಿಗಳು ಏನಂದರು ಇದೆ, ಮಗ ಏನಂದ ಇದೆ. ಮಗಳು ಏನಂದಳು? ಅವಳ ಕೆಲಸ ಇಲ್ಲಿ, ಹುಡುಗ ಇಲ್ಲಿ. ನೀವಿಬ್ಬರೂ ವಿಮಾನ ಹತ್ತಿದ ಮೇಲೆ ಆ ಓಣಿಯಲ್ಲಿ ದಿನಾ ಓಡಾಡೋಳು ಯಾರು?

ಗಿರಮಿಟ್ಟು:
ಅಕ್ಕಾರು ಮೊಳೆ ತಲೆ ಮೇಲೇ ಹೊಡೆದರು.

ಸವಣೂರ ಎಲೆ:
ನಾನು ಮುಸ್ಲಿಂ, ಇದರಲ್ಲಿ ಮಾತಾಡಬಹುದಾ ಗೊತ್ತಿಲ್ಲ, ಆದರೂ ಹೇಳ್ತೀನಿ. ನಮ್ಮ ಚಿಕ್ಕಪ್ಪ ಇದೇ ಯೋಚನೆ ಮಾಡಿ ಸೌದಿಗೆ ಹೋದರು. ಕೆಲಸಕ್ಕೆ ಹೋಗುವವರು ಬಹಳ ಜನ, ಇವರು ಮಾತ್ರ "ದೀನ್ (ಧರ್ಮ) ಇರೋ ಕಡೆ ಮಕ್ಕಳು ಬೆಳೀಲಿ" ಅಂತ ಹೋದವರು. ಅಜಾನ್ ಆದ ಕೂಡಲೇ ಅಂಗಡಿ ಬಾಗಿಲು ಹಾಕುತ್ತಾರೆ ಅಂತ ಮೊದಲ ವರ್ಷ ಫೋನಿನಲ್ಲಿ ಖುಷಿಯಿಂದ ಹೇಳೋರು. ಹದಿನೆಂಟು ವರ್ಷ ಇದ್ದರು. ನಮಾಜಿಗೆ ಪಕ್ಕದಲ್ಲಿ ನಿಲ್ಲುವವನು ಸಲಾಂ ಹೇಳ್ತಾನೆ, ಆದರೆ ಇಕಾಮಾ (ಅಲ್ಲಿ ಇರೋಕೆ ಕೊಡೋ ಪರವಾನಗಿ) ಮುಗಿದ ದಿನ ಅವನು ಅವನೇ, ನೀವು ನೀವೇ. ಕೆಲಸ ಹೋಯಿತು, ಕುಟುಂಬ ಸಮೇತ ವಾಪಸ್ ಬಂದರು. ಮಕ್ಕಳಿಗೆ ಕನ್ನಡ ಬರುತ್ತಿರಲಿಲ್ಲ. ಈಗ ಸವಣೂರಲ್ಲಿ ಎಲೆ ತೋಟ ನೋಡಿಕೊಳ್ತಾರೆ.

ವಾಪಸ್ ಬಂದ ಮೇಲೆ ಮೊದಲು ಹೋದದ್ದು ಶಿಶುವಿನಹಾಳಕ್ಕೆ, ಶರೀಫಜ್ಜನ ಗದ್ದುಗೆಗೆ. ಮೊದಲು "ಅದೆಲ್ಲ ಸರಿಯಲ್ಲ" ಅಂತ ನಮಗೆ ಬೈಯುತ್ತಿದ್ದವರು ಅವರೇ.

ನಾಸ್ತಿಕ ನಾಗ್ಯಾ:
ಗೋವಿಂದಭಟ್ಟರಂಥ ಗುರು, ಶರೀಫರಂಥ ಶಿಷ್ಯ ಈಗ ಇದ್ದಿದ್ದರೆ ಇಬ್ಬರಿಗೂ ವೀಸಾ ಮಾಡಿಸಬೇಕಾಗಿತ್ತು.

ಸವಣೂರ ಎಲೆ:
ನಾಗ್ಯಾ, ಆಗಲೂ ಅವರನ್ನು ಯಾರೂ ಸುಮ್ನೆ ಬಿಟ್ಟಿರಲಿಲ್ಲ. ಇಬ್ಬರ ಮಂದಿಯೂ ಬೈದರು. ಆದರೂ ಶರೀಫರು ಊರು ಬಿಡಲಿಲ್ಲ. 1889ರಲ್ಲಿ ತೀರಿಕೊಂಡದ್ದೂ ಅಲ್ಲೇ.

ಡಾಲಸ್ ಧಾರವಾಡಿ:
ಹೊರಗಿನಿಂದ ಬರೆಯುತ್ತಿದ್ದೇನೆ, ಅಮೆರಿಕಕ್ಕೆ ಬಂದು 21 ವರ್ಷ. ಕಾಕಾ, ಮಗ ಹೇಳಿದ್ದು ಸುಳ್ಳಲ್ಲ. ಇಲ್ಲೂ ನಾವು ಸೇರ್ತೀವಿ, ಮಕ್ಕಳು ವಚನ ಹೇಳ್ತಾರೆ, ಊಟ ಮಾಡ್ತೀವಿ. ಪಂಗಡ ಯಾರೂ ಕೇಳಲ್ಲ. ಮಕ್ಕಳು ಮದುವೆ ವಯಸ್ಸಿಗೆ ಬರೋ ತನಕ. ಆಮೇಲೆ ಅಡುಗೆಮನೆಯಲ್ಲಿ ಹೆಂಗಸರು, ಗ್ಯಾರೇಜಿನಲ್ಲಿ ಗಂಡಸರು ಮೆಲ್ಲಗೆ ಕೇಳ್ತಾರೆ. ನಾನೂ ಕೇಳಿದ್ದೀನಿ, ನಾಚಿಕೆ ಬಿಟ್ಟು ಹೇಳ್ತಿದ್ದೀನಿ.

ಇನ್ನೊಂದು ಸಂಗತಿ. ಇದನ್ನು ಯಾರೂ ಹೇಳಲ್ಲ, ಅದಕ್ಕೇ ಹೇಳ್ತೀನಿ. ನಮ್ಮಪ್ಪ ಇಲ್ಲಿಗೆ ಬಂದಾಗಲೇ ಲಿಂಗೈಕ್ಯರಾದರು. ಊರಿಗೆ ಕಳಿಸೋಕೆ ಆಗಲಿಲ್ಲ. ನಮ್ಮಲ್ಲಿ ಕೂರಿಸಿ ಸಮಾಧಿ ಮಾಡೋದು ಗೊತ್ತಲ್ಲ, ಗೂಡು ತೆಗೆದು, ಕೈಯಲ್ಲಿ ಲಿಂಗ ಇಟ್ಟು. ಇಲ್ಲಿಯ ಸ್ಮಶಾನದವರು ಬಹಳ ಮರ್ಯಾದೆಯಿಂದ "ಪೆಟ್ಟಿಗೆಯಲ್ಲಿ ಮಲಗಿಸಿಯೇ ಇಡಬೇಕು" ಅಂದರು. ಒಪ್ಪಿಕೊಂಡೆವು. ಎಡಗೈ ಅಂಗೈಯಲ್ಲಿ ಇಷ್ಟಲಿಂಗ ಇಟ್ಟೆ. ಬೆರಳು ಬಿಗಿದುಕೊಂಡಿದ್ದವು, ಲಿಂಗ ಜಾರುತ್ತಿತ್ತು. ಕೊನೆಗೆ ನನ್ನ ಹೆಂಡತಿ ತನ್ನ ಸೆರಗಿನ ಅಂಚು ಹರಿದು ಕೈಗೆ ಸುತ್ತಿ ಕಟ್ಟಿದಳು. ಅಲ್ಲಿ ಕೆಲಸ ಮಾಡೋ ಹುಡುಗನೊಬ್ಬ ವಿಭೂತಿ ಗಟ್ಟಿ ನೋಡಿ ಇದು ಸೀಮೆಸುಣ್ಣವಾ ಅಂತ ಕೇಳಿದ. ಅವನದು ತಪ್ಪಿಲ್ಲ, ತಿಳಿಯಲಿ ಅಂತಲೇ ಕೇಳಿದ್ದು. ಹೌದು ಅಂದುಬಿಟ್ಟೆ. ಅವತ್ತು ವಿವರಿಸೋ ಶಕ್ತಿ ಇರಲಿಲ್ಲ.

ನಿಮಗೆ ಈಗ 56. ಕೂರಿಸಿ ಮಣ್ಣು ಮಾಡುವವರು ಎಲ್ಲಿದ್ದಾರೆ ಅನ್ನೋದನ್ನೂ ಒಂದು ಸಲ ಯೋಚಿಸಿ. ಅದೇ ನಿಮ್ಮ ಅಣ್ಣಂದಿರೇ ಅಲ್ವಾ ಬರೋದು?

ಉಣಕಲ್ ಕೆರೆ ದಂಡೆ:
ಧಾರವಾಡಿಯವರೇ, ಓದಿ ಫೋನ್ ಕೆಳಗಿಟ್ಟು ಹೊರಗೆ ಹೋಗಿ ಬಂದೆ.

ಬೆಟಗೇರಿ ಅಕ್ಕನವರಿಗೆ: ಮಗಳನ್ನು ಕೇಳಿಲ್ಲ. ಹೂಂ ಅಂದ ಮೇಲೆ ಅವಳ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಇವತ್ತು ಕೇಳುತ್ತೇನೆ.

ಗಿರಮಿಟ್ಟು:
ಟೊರೊಂಟೊದಲ್ಲಿ ಜೋಳದ ಹಿಟ್ಟು ಸಿಗುತ್ತಾ? ಇದೂ ಮುಖ್ಯ ಪ್ರಶ್ನೆಯೇ.

ಡಾಲಸ್ ಧಾರವಾಡಿ:
ಇಂಡಿಯನ್ ಅಂಗಡಿಗಳಲ್ಲಿ ಸಿಗುತ್ತೆ. ಆದರೆ ಹಳೇ ಹಿಟ್ಟು, ಜಿಗಿ ಇರಲ್ಲ. ತಟ್ಟಿದರೆ ಒಡೆಯುತ್ತೆ. ಬಿಸಿನೀರು ಜಾಸ್ತಿ ಹಾಕಿ ನಾದಬೇಕು.

ಸಾಧನಕೇರಿ ಮಳೆ:
ಅದಕ್ಕೇ ಕೆಲವರು ಸ್ವಲ್ಪ ಗೋಧಿ ಹಿಟ್ಟು ಬೆರೆಸ್ತಾರೆ.

ಬೆಟಗೇರಿ ಅಕ್ಕ:
ಗೋಧಿ ಬೆರೆಸಿದರೆ ಅದು ರೊಟ್ಟಿ ಅಲ್ಲ. ಅದಕ್ಕೆ ಬೇರೆ ಹೆಸರಿಡಿ.

ಸಾಧನಕೇರಿ ಮಳೆ:
ಆಯ್ತು ಅಕ್ಕಾ. ವಿಷಯಕ್ಕೆ ಬರ್ತೀನಿ. ನಾವು ಧಾರವಾಡದ ಕ್ರಿಶ್ಚಿಯನ್ನರು, ಬಾಸೆಲ್ ಮಿಶನ್ ಕಡೆಯವರು. ಮಿಶನ್ ಧಾರವಾಡಕ್ಕೆ ಬಂದದ್ದು 1837ರಲ್ಲಿ. ನಮ್ಮ ಮುತ್ತಜ್ಜನ ಅಜ್ಜ ಸೇರಿದಾಗ ಮನೆಯವರು ಹೊರಗೆ ಹಾಕಿದರು. ಬಾವಿ ನೀರು ಬಂದ್, ಕೆಲಸ ಬಂದ್. ಇಂಥವರು ಜಾಸ್ತಿ ಆದದ್ದಕ್ಕೇ ಮಿಶನ್‌ನವರು ನೇಯ್ಗೆ, ಹೆಂಚಿನ ಕಾರ್ಖಾನೆ ಅಂತ ಶುರು ಮಾಡಿದ್ದು. ಧರ್ಮ ಬದಲಿಸಿದವನಿಗೆ ಮೊದಲು ಬೇಕಾದದ್ದು ಹೊಟ್ಟೆಗೆ ದಾರಿ.

ನಮ್ಮ ಮನೆಯಲ್ಲಿ ಹೇಳೋ ಕಥೆ ಏನೆಂದರೆ, ಆ ಅಜ್ಜ ಹೊರಗೆ ಬಿದ್ದರೂ ಊರು ಬಿಡಲಿಲ್ಲ. ಅದೇ ಊರಿನ ಇನ್ನೊಂದು ತುದಿಯಲ್ಲಿ ಮನೆ ಮಾಡಿದ. ಅವನ ತಮ್ಮ ರಾತ್ರಿ ಕತ್ತಲಲ್ಲಿ ಬಂದು ಜೋಳ ಇಟ್ಟು ಹೋಗುತ್ತಿದ್ದನಂತೆ. ಹಗಲು ಎದುರಿಗೆ ಸಿಕ್ಕರೆ ಗುರುತೇ ಹಿಡಿಯುತ್ತಿರಲಿಲ್ಲ. ಅಣ್ಣ ತಮ್ಮಂದಿರ ವಿಷಯ ಹೀಗೇ ಕಾಕಾ, ಎರಡು ಲೆಕ್ಕದಲ್ಲಿ ನಡೆಯುತ್ತೆ.

ಚಿಗರಿ ಬಸ್:
ನಿಮ್ಮ ಪ್ರಶ್ನೆಗೆ ಉತ್ತರ ಬೇಕಾದರೆ ಮುಂಡಗೋಡಕ್ಕೆ ಹೋಗಿ ಬನ್ನಿ. ದಲೈ ಲಾಮಾ 1959ರಲ್ಲಿ ಟಿಬೆಟ್ ಬಿಟ್ಟರು, ಮುಂಡಗೋಡದ ಕ್ಯಾಂಪ್ 1966ರಲ್ಲಿ ಶುರು. ಗಾಂದೆನ್, ಡ್ರೆಪುಂಗ್ ಅಂತ ಅಲ್ಲಿಯ ದೊಡ್ಡ ದೊಡ್ಡ ಮಠಗಳನ್ನೇ ಇಲ್ಲಿ ಮತ್ತೆ ಕಟ್ಟಿದರು. ಧರ್ಮದ ಸಲುವಾಗಿ ಊರು ಬಿಟ್ಟವರು ಅಂದರೆ ಅವರು.

ಪ್ರತಿ ಚಳಿಗಾಲ ಹುಬ್ಬಳ್ಳಿಗೆ ಸ್ವೆಟರ್ ಮಾರೋಕೆ ಬರ್ತಾರಲ್ಲ, ಅವರಲ್ಲಿ ಒಬ್ಬ ಅಮ್ಮ ನನಗೆ ಪರಿಚಯ. "ಕಡಿಮಿ ಆಗಂಗಿಲ್ರೀ" ಅಂತ ನಮಗಿಂತ ಚೆನ್ನಾಗಿ ಹುಬ್ಬಳ್ಳಿ ಮಾತಾಡ್ತಾರೆ. ಮಗ ಎಲ್ಲಿ ಅಂದೆ. ಪ್ಯಾರಿಸ್‌ನಲ್ಲಿ ಹೋಟೆಲ್ ಕೆಲಸ ಅಂದರು. ಪೂಜೆ ಮಾಡ್ತಾನಾ ಅಂತ ಕೇಳಿದೆ. ನಕ್ಕರು. "ಫೋನ್‌ನಾಗ ಮಾಡ್ತಾನ" ಅಂದರು. ಹಾಗಂದರೆ ಏನು ಅಂತ ನನಗೆ ಇನ್ನೂ ಅರ್ಥ ಆಗಿಲ್ಲ.

ಗದಗ ಮಾಸ್ತರ್:
ಚಿಗರಿಯವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಇವರು ಹೊರಟಿರುವುದು ಕೆನಡಾಕ್ಕೆ. ಅದೇ ಕೆನಡಾದಿಂದ ಧರ್ಮದ ಸಲುವಾಗಿ ಎದ್ದು ಹೋದವರಿದ್ದಾರೆ. ಮೆನೊನೈಟರು ಅಂತ, ಯುದ್ಧಕ್ಕೆ ಹೋಗದ, ತಮ್ಮ ಪಾಡಿಗೆ ಬೇಸಾಯ ಮಾಡಿಕೊಂಡಿರುವ ಕ್ರೈಸ್ತರು. ರಷ್ಯಾದಲ್ಲಿ ಸೈನ್ಯ ಸೇರಬೇಕು ಅಂದಾಗ 1870ರ ದಶಕದಲ್ಲಿ ಕೆನಡಾದ ಮ್ಯಾನಿಟೋಬಾಕ್ಕೆ ಬಂದರು. ಅಲ್ಲಿ ಮಕ್ಕಳು ಇಂಗ್ಲಿಷ್ ಶಾಲೆಗೇ ಹೋಗಬೇಕು ಅಂತ ಸರ್ಕಾರ ಹಟ ಹಿಡಿದಾಗ 1922ರಿಂದ ಸಾವಿರಾರು ಜನ ರೈಲು ಹತ್ತಿ ಮೆಕ್ಸಿಕೊಕ್ಕೆ ಹೋದರು. ಅಲ್ಲಿಂದ ಕೆಲವರು ಬೆಲೀಜ್, ಬೊಲಿವಿಯಾ. ತಲೆಮಾರುಗಳಿಂದ ಗಂಟು ಕಟ್ಟುತ್ತಲೇ ಇದ್ದಾರೆ. ಒಂದು ಮಾತು ಒಪ್ಪಬೇಕು, ಅವರ ಭಾಷೆ, ಅವರ ಪದ್ಧತಿ ಉಳಿದಿದೆ. ಆದರೆ ಅದಕ್ಕೆ ಅವರು ಊರಿಗೆ ಊರೇ ಎದ್ದು ಹೋದರು. ಗಂಡ ಹೆಂಡತಿ ಇಬ್ಬರೇ ಹೋಗಲಿಲ್ಲ.

ನಾಸ್ತಿಕ ನಾಗ್ಯಾ:
ಹಾಗಾದರೆ ಇಡೀ ಓಣಿ ಕರೆದುಕೊಂಡು ಹೋಗಿ. ಅಣ್ಣನ್ನ ಬಿಟ್ಟು.

ಹಾವೇರಿ ಏಲಕ್ಕಿ:
ಕೆನಡಾದಲ್ಲಿ ಕೊರಳಲ್ಲಿ ಲಿಂಗ ಹಾಕಿಕೊಂಡು ಕೆಲಸಕ್ಕೆ ಹೋಗೋ ಹಾಗಿಲ್ಲ ಅಂತ ಎಲ್ಲೋ ಓದಿದೆ.

ಡಾಲಸ್ ಧಾರವಾಡಿ:
ಅದು ಕ್ವಿಬೆಕ್ ಪ್ರಾಂತ್ಯದಲ್ಲಿ, 2019ರ ಕಾನೂನು. ಅದೂ ಸರ್ಕಾರಿ ಶಾಲೆ ಮಾಸ್ತರರು, ಪೊಲೀಸರು, ಇಂಥವರಿಗೆ. ಟೊರೊಂಟೊ ಇರೋದು ಒಂಟಾರಿಯೊದಲ್ಲಿ. ಅರ್ಧ ಓದಿ ಹೆದರಿಸಬೇಡಿ.

ಬಸವ ಸೈನಿಕ:
ಇದಕ್ಕೆಲ್ಲ ಮೂಲ ಕಾರಣ 2018ರಲ್ಲಿ ಪ್ರತ್ಯೇಕ ಧರ್ಮದ ಮಾನ್ಯತೆ ಆಗದೆ ಹೋದದ್ದು. ಆಗ ಯಾರು ಯಾರು ಅಡ್ಡ ಬಂದರು ಅನ್ನೋದನ್ನು...

ಮಾಡರೇಟರ್:
ಈ ಚರ್ಚೆಗೆ ಬೇರೆ ಕಟ್ಟೆ ಇದೆ, 900 ಉತ್ತರ ಆಗಿದೆ, ಅಲ್ಲಿಗೆ ಹೋಗಿ. ಇದರ ಕೆಳಗೆ ಬಂದ ಹನ್ನೊಂದು ಉತ್ತರ ತೆಗೆದಿದ್ದೇನೆ. ರೊಟ್ಟಿ ಜಗಳ ಇರಲಿ.

ಕೋರ್ಟ್ ಕಟ್ಟೆ:
ಊರು ಬಿಡೋ ಮಾತು ಆಮೇಲೆ. ಮದುವೆ ಬಗ್ಗೆ ಹೇಳ್ತೀನಿ, ಅದೇ ಈಗ ಬೇಕಾಗಿರೋದು. ಸ್ಪೆಷಲ್ ಮ್ಯಾರೇಜ್ ಆ್ಯಕ್ಟ್‌ನಲ್ಲಿ ಮಾಡಿದರೆ 30 ದಿನದ ನೋಟಿಸ್ ಇರುತ್ತೆ. ಅದನ್ನು ಕಚೇರಿಯಲ್ಲಿ ಅಂಟಿಸ್ತಾರೆ, ಸಂಬಂಧಿಕರು ಬಂದು ಗಲಾಟೆ ಮಾಡೋಕೆ ಟೈಮ್ ಸಿಗುತ್ತೆ. ನಿಮಗೆ ಅದು ಬೇಕಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ ಎರಡನೇ ಕಲಮಿನಲ್ಲೇ ವೀರಶೈವ, ಲಿಂಗಾಯತ ಅಂತ ಹೆಸರು ಹಾಕಿ ಸೇರಿಸಿದ್ದಾರೆ. ಧರ್ಮ ಬೇರೆಯೋ ಒಂದೋ ಅನ್ನೋ ಜಗಳ ಏನೇ ಇರಲಿ, ಮದುವೆ ಮಟ್ಟಿಗೆ ಆ ಕಾಯ್ದೆ ನಿಮಗೆ ಅನ್ವಯ. ನಿಮ್ಮ ಪದ್ಧತಿಯಂತೆ ಮದುವೆ ಮಾಡಿ, ಫೋಟೊ, ಸಾಕ್ಷಿ, ದಾಖಲೆ ಇಟ್ಟುಕೊಂಡು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿ. ಒಳಪಂಗಡ ಅನ್ನೋದು ಕಾನೂನಿಗೆ ಅಡ್ಡಿಯೇ ಅಲ್ಲ.

ಬೆಟಗೇರಿ ಅಕ್ಕ:
ವಕೀಲರು ಒಬ್ಬರೇ ಕೆಲಸದ ಮಾತಾಡಿದ್ದು.

ಗದಗ ಮಾಸ್ತರ್:
ಅಕ್ಕಾ, ನಾನೂ ಮಾತಾಡಿದ್ದೇನೆ!

ಬೆಟಗೇರಿ ಅಕ್ಕ:
ನೀವು ರಷ್ಯಾದಲ್ಲಿದ್ರಿ ಮಾಸ್ತರೇ.

ಗದಗ ಮಾಸ್ತರ್:
ಹಾಗಾದರೆ ಹತ್ತಿರದ ಊರಿಗೇ ಬರ್ತೀನಿ. ಕೊಚ್ಚಿ. ಅಲ್ಲಿಯ ಯಹೂದಿಗಳು ಹೊರಡುವ ಕಾಲಕ್ಕೆ ಅವರನ್ನು ನಮ್ಮ ದೇಶದಲ್ಲಿ ಯಾರೂ ಕಾಡುತ್ತಿರಲಿಲ್ಲ. ಮಟ್ಟಾಂಚೇರಿಯ ಪೂಜಾಮಂದಿರ ಕಟ್ಟಿದ್ದು 1568ರಲ್ಲಿ. ಇಸ್ರೇಲ್ ಆದ ಮೇಲೆ 1950ರ ದಶಕದಲ್ಲಿ ಹೆಚ್ಚಿನವರು ತಾವಾಗಿಯೇ ಹೊರಟರು, ತಮ್ಮವರ ನಡುವೆ ಇರಬೇಕು ಅಂತ. ಅವರಲ್ಲಿ ಸಾಮೂಹಿಕ ಪ್ರಾರ್ಥನೆಗೆ ಹತ್ತು ಗಂಡಸರು ಬೇಕು. ಉಳಿದವರಿಗೆ ಆ ಹತ್ತು ಜನ ಸಿಗದ ಕಾಲ ಬಂತು. ಹೋದವರು ಅಲ್ಲಿ ಪ್ರಾರ್ಥನೆ ಮಾಡಿದರು, ಇಲ್ಲಿ ಗುಡಿ ನೋಡೋಕೆ ಪ್ರವಾಸಿಗರು ಬಂದರು.

ಬೆಟಗೇರಿ ಅಕ್ಕ:
ಇದು ಸರಿಯಾಗಿ ಹೇಳಿದಿರಿ. ಅಣ್ಣಾ, ನಿಮ್ಮ ಓಣಿಯಲ್ಲಿ ಇನ್ನೊಬ್ಬ ಹುಡುಗಿ ಮುಂದಿನ ವರ್ಷ ಇದೇ ಮಾತು ಮನೆಯಲ್ಲಿ ತೆಗೀತಾಳೆ ಅಂದುಕೊಳ್ಳಿ. "ಅವರಪ್ಪ ಒಪ್ಪಿಲ್ವಾ" ಅಂತ ಬೆರಳು ಮಾಡಿ ತೋರಿಸೋಕೆ ಅವಳಿಗೆ ಒಬ್ಬರು ಬೇಕು. ನೀವು ಟೊರೊಂಟೊದಲ್ಲಿದ್ದರೆ ಜನ ಏನಂತಾರೆ? "ಮಗಳ ಮದುವೆ ಮಾಡಿ ಮುಖ ತೋರಿಸೋಕೆ ಆಗದೆ ಓಡಿಹೋದ" ಅಂತಾರೆ.

ಉಳವಿ ಚಕ್ಕಡಿ:
ಜನ ಏನಂತಾರೆ ಅಂತ ನೋಡಿದ್ದರೆ ಅವರು ಹೂಂ ಅನ್ನುತ್ತಲೇ ಇರಲಿಲ್ಲ ಅಕ್ಕಾ. ಒಬ್ಬ ಮನುಷ್ಯ ಎಷ್ಟು ವರ್ಷ ಉದಾಹರಣೆಯಾಗಿ ನಿಂತಿರಬೇಕು? ದಣಿವು ಅನ್ನೋದು ಇರುತ್ತೆ. ನಾನು ಈಗಲೂ ಹೋಗಲಿ ಅಂತಲೇ ಹೇಳ್ತೀನಿ.

ಸಾಧನಕೇರಿ ಮಳೆ:
ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಚಕ್ಕಡಿಯವರ ಮಾತೂ ಖರೇನೇ.

ಉಣಕಲ್ ಕೆರೆ ದಂಡೆ:
ಎಂಟು ದಿನ ಆದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ.

ಮಗಳನ್ನು ಕೇಳಿದೆ. ಅವಳು ತಟ್ಟೆ ತೊಳೆಯುತ್ತಿದ್ದಳು, ತಿರುಗಿ ಕೂಡ ನೋಡಲಿಲ್ಲ. "ಹೋಗಬೇಕು ಅನ್ನಿಸಿದರೆ ಹೋಗಿ ಅಪ್ಪಾ, ಅಣ್ಣನ ಜೊತೆ ಇರಿ, ನನಗೆ ಬೇಜಾರಿಲ್ಲ. ಆದರೆ ನನ್ನ ಸಲುವಾಗಿ ಊರು ಬಿಟ್ಟೆ ಅಂತ ಮಾತ್ರ ಯಾರ ಮುಂದೆಯೂ ಹೇಳಬೇಡಿ" ಅಂದಳು. ಎರಡು ದಿನ ಆ ಮಾತು ತಲೆಯಲ್ಲೇ ಇತ್ತು. ಸಿಟ್ಟೂ ಬಂತು. ಆಮೇಲೆ ಅನ್ನಿಸಿತು, ನಾನು ಧರ್ಮ ಧರ್ಮ ಅಂತ ಇಲ್ಲಿ ಬರೆದದ್ದರಲ್ಲಿ ಅರ್ಧ ಆ ಜವಳದ ಊಟದ್ದೇ ಇತ್ತು.

ವಕೀಲರು ಹೇಳಿದಂತೆ ಮಾಡುತ್ತಿದ್ದೇವೆ. ಮನೆ ಮುಂದೆಯೇ ಪೆಂಡಾಲ್, ವಚನ ಹೇಳಿ ಮದುವೆ. ಹುಡುಗನ ಕಡೆಯಿಂದ ಮೂವತ್ತು ಜನ, ನಮ್ಮ ಕಡೆ ಎಷ್ಟು ಬರುತ್ತಾರೋ ಅಷ್ಟು. ಸೂಪರ್ ವೀಸಾಕ್ಕೂ ಅರ್ಜಿ ಹಾಕಿದೆ. ಆರು ತಿಂಗಳು ಹೋಗಿ ಬರುತ್ತೇವೆ. ವರ್ಕ್‌ಶಾಪ್ ಮಾರುವುದಿಲ್ಲ, ಹುಡುಗರು ನೋಡಿಕೊಳ್ಳುತ್ತಾರೆ.

ಮೊದಲ ಲಗ್ನಪತ್ರಿಕೆ ಪಕ್ಕದ ಮನೆಗೇ ಕೊಟ್ಟೆ. ಅತ್ತಿಗೆ ಬಾಗಿಲು ತೆಗೆದರು. ಅಣ್ಣ ಹಿತ್ತಲಲ್ಲಿದ್ದ, ಕೆಮ್ಮುವುದು ಕೇಳಿಸಿತು, ಹೊರಗೆ ಬರಲಿಲ್ಲ. ಅತ್ತಿಗೆ ಒಂದು ತಂಬಿಗೆ ನೀರು, ಬೆಲ್ಲ ತಂದು ಕೊಟ್ಟರು. ತಿಂದು, ಕುಡಿದು ಬಂದೆ.

ಗಿರಮಿಟ್ಟು:
ಅಡುಗೆ ಏನು ಕಾಕಾ? ನಾವೂ ಬರ್ತೀವಿ.

ಉಣಕಲ್ ಕೆರೆ ದಂಡೆ:
ಗೋಧಿ ಹುಗ್ಗಿ. ಗೋಡೆ ಆಚೆಗೂ ವಾಸನೆ ಹೋಗುವ ಹಾಗೆ ಮಾಡಿಸುತ್ತೇನೆ.

ಬೆಟಗೇರಿ ಅಕ್ಕ:
ರೊಟ್ಟಿ ನಮ್ಮ ಸಂಘದಿಂದ ಕಳಿಸ್ತೀನಿ, ಎಷ್ಟು ನೂರು ಬೇಕು ಹೇಳಿ. ಗೋಧಿ ಬೆರೆಸಿರಲ್ಲ.

ಹಾವೇರಿ ಏಲಕ್ಕಿ:
ಸರ್, ಹಾರ ಎರಡು ಬೇಕಾಗುತ್ತಲ್ಲ. ನಾನು ಕಟ್ಟಿ ಕೊಡ್ತೀನಿ. ಪಂಗಡ ಕೇಳಲ್ಲ. ಸುಮ್ನೆ ಕೊಡ್ತೀನಿ ಅಂತಲೂ ಅಂದುಕೊಳ್ಳಬೇಡಿ, ಏಲಕ್ಕಿ ರೇಟ್ ಆಕಾಶಕ್ಕೆ ಹೋಗಿದೆ. ತಾರೀಕು ಹೇಳಿ, ಉಳಿದದ್ದು ಫೋನಲ್ಲಿ ಮಾತಾಡೋಣ.